ಮೆಜೆಸ್ಟಿಕ್ ದಾಟಿದರೆ ನಾನು ಇಬ್ಬರು

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನಿಗೆ ಒಂದು ಚಟ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಂದು, "ನಿನ್ನೆ ನಮ್ಮ ಬೆಂಗಳೂರು ಮೆಟ್ರೋದಲ್ಲಿ ಎಷ್ಟು ಲಕ್ಷ ಜನ ಗೊತ್ತಾ?" ಅಂತ ಶುರು ಮಾಡುತ್ತಾನೆ. 2025ರ ಆಗಸ್ಟ್ 11ರಂದು 10.48 ಲಕ್ಷ ಆದಾಗಂತೂ ತಾನೇ ರೈಲು ಓಡಿಸಿದ ಹಾಗೆ ಬೀಗಿದ. ಹಳದಿ ಲೈನ್ ಜನಕ್ಕೆ ತೆರೆದ ಮೊದಲ ದಿನ ಅದು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಚೆನ್ನೈ ಎಷ್ಟು, ಹೈದರಾಬಾದ್ ಎಷ್ಟು, ದೆಹಲಿ ಮುಂದೆ ನಾವೆಲ್ಲಿ ಅಂತ ವಾದ ಬೆಳೆಯಿತು.

ನಾನು ಆ ನಾಲ್ಕೂ ಊರಿನ ಮೆಟ್ರೋ ಹತ್ತಿದವನು. ದಿನಾ ಬನಶಂಕರಿಯಲ್ಲಿ ಹಸಿರು ಲೈನ್ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ, ಕುಂದಲಹಳ್ಳಿಯಲ್ಲಿ ಇಳಿಯುತ್ತೇನೆ. ಹಾಗಾಗಿ ಈ ಲಕ್ಷಗಳ ಮೇಲೆ ನನಗೆ ಒಂದಿಷ್ಟು ತಕರಾರಿದೆ.

ಮೊದಲು ಆ 10.48 ಲಕ್ಷವನ್ನೇ ಬಿಚ್ಚಿ ನೋಡೋಣ. ಅವತ್ತಿನ ಪಟ್ಟಿಯಲ್ಲಿ ನೇರಳೆಗೆ 4.51 ಲಕ್ಷ, ಹಸಿರಿಗೆ 2.91 ಲಕ್ಷ, ಹಳದಿಗೆ 52 ಸಾವಿರ ಇತ್ತು. ಕೂಡಿಸಿದರೆ 8 ಲಕ್ಷವೂ ಆಗುವುದಿಲ್ಲ. ಉಳಿದ ಎರಡೂವರೆ ಲಕ್ಷ ಎಲ್ಲಿಂದ ಬಂತು? ಅವರೆಲ್ಲ ಒಂದು ಲೈನ್ ಇಳಿದು ಇನ್ನೊಂದು ಹತ್ತಿದ ನನ್ನಂಥವರು. ಅಂದರೆ ಬನಶಂಕರಿಯಲ್ಲಿ ಗೇಟು ದಾಟಿದಾಗ ನಾನು ಒಬ್ಬ. ಮೆಜೆಸ್ಟಿಕ್‌ನಲ್ಲಿ ಎಸ್ಕಲೇಟರ್ ಹತ್ತಿ ನೇರಳೆ ಪ್ಲಾಟ್‌ಫಾರ್ಮಿಗೆ ಹೋದರೆ ಇಬ್ಬರು. ಸಂಜೆ ವಾಪಸ್ ಬಂದರೆ ನಾಲ್ವರು. ಇದರಲ್ಲಿ ಮೋಸ ಏನೂ ಇಲ್ಲ, ಇಂಟರ್‌ಚೇಂಜ್ ಅಂತ ಬೇರೆ ಸಾಲು ಹಾಕಿಯೇ ತೋರಿಸುತ್ತಾರೆ. ದೆಹಲಿಯಲ್ಲೂ ಎಷ್ಟು ಲೈನ್ ಹತ್ತಿದರೆ ಅಷ್ಟು ಪ್ರಯಾಣ ಅಂತಲೇ ಲೆಕ್ಕ. ಆದರೆ "ಹತ್ತು ಲಕ್ಷ ಜನ" ಅಂತ ನಾವು ಬಾಯಿ ತುಂಬ ಹೇಳುತ್ತೇವಲ್ಲ, ಅಷ್ಟು ಜನ ಅಲ್ಲಿ ಇರುವುದಿಲ್ಲ, ಅಷ್ಟೆ.

ಇನ್ನೊಂದು ಮಾತು. ದಾಖಲೆ ಅಂದ ಕೂಡಲೇ ಕುಣಿಯಬಾರದು, ಅದು ಯಾವ ದಿನದ್ದು ಅಂತ ನೋಡಬೇಕು. ಇದಕ್ಕಿಂತ ಹಿಂದಿನ ದಾಖಲೆ 9.66 ಲಕ್ಷ, 2025ರ ಜೂನ್ 4ರದ್ದು. ಆರ್‌ಸಿಬಿ ವಿಜಯೋತ್ಸವಕ್ಕೆ ಜನ ಸೇರಿ, ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತ ದಿನ ಅದು. ಆ ಸಂಜೆ ಕಬ್ಬನ್ ಪಾರ್ಕ್, ವಿಧಾನಸೌಧ ಸ್ಟೇಷನ್‌ಗಳಲ್ಲಿ ರೈಲು ನಿಲ್ಲಿಸುವುದನ್ನೇ ಬಿಡಬೇಕಾಯಿತು. ಆ ಅಂಕಿ ಹೇಳುವಾಗ ನನ್ನ ಸ್ನೇಹಿತನೂ ದನಿ ತಗ್ಗಿಸುತ್ತಾನೆ.

ಈಗ ನಮ್ಮೂರಿನ ಮೂರು ಲೈನ್. ನೇರಳೆ ಎಲ್ಲಕ್ಕಿಂತ ಉದ್ದ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿ.ಮೀ. ದಾಟುತ್ತದೆ, 37 ಸ್ಟೇಷನ್. ಬೆಳಿಗ್ಗೆ ಎಂಟೂವರೆಗೆ ಮೆಜೆಸ್ಟಿಕ್‌ನಲ್ಲಿ ನಿಂತರೆ ಜನ ನಮ್ಮನ್ನು ಎತ್ತಿ ಒಳಗೆ ಇಡುತ್ತಾರೆ, ನಾವು ಹತ್ತುವ ಕಷ್ಟವೇ ಇಲ್ಲ. ಆದರೂ ನಾನು ನೇರಳೆಯನ್ನು ಬೈಯುವುದಿಲ್ಲ. ಒಂದು ರೈಲು ಬಿಟ್ಟರೆ ನಾಲ್ಕೈದು ನಿಮಿಷಕ್ಕೆ ಇನ್ನೊಂದು ಬರುತ್ತದೆ. ಇಂದಿರಾನಗರ, ಬೈಯಪ್ಪನಹಳ್ಳಿ ಬರುವಷ್ಟರಲ್ಲಿ ಒಂದಷ್ಟು ಜನ ಇಳಿದು ಉಸಿರಾಡಲು ಜಾಗ ಆಗುತ್ತದೆ. ಕೆ.ಆರ್. ಪುರದಲ್ಲಿ ಮತ್ತೆ ತುಂಬುತ್ತದೆ, ಅದು ಬೇರೆ ವಿಷಯ.

ಹಸಿರು ಲೈನ್ ನನ್ನ ಪಾಲಿಗೆ ತವರುಮನೆ. ಮಾದಾವರದಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ 33 ಕಿ.ಮೀ. ಇಲ್ಲಿ ಲ್ಯಾಪ್‌ಟಾಪ್ ಬ್ಯಾಗಿಗಿಂತ ಹೂವಿನ ಕವರ್, ತರಕಾರಿ ಚೀಲ ಜಾಸ್ತಿ. ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ ಇರುವುದು ಈ ಲೈನಿನಲ್ಲೇ ಅಲ್ವಾ. ಜನ ದಿನವಿಡೀ ಹತ್ತುತ್ತಾ ಇಳಿಯುತ್ತಾ ಇರುತ್ತಾರೆ. ಹಾಗಾಗಿ ಅಂಕಿ ದೊಡ್ಡದಿದ್ದರೂ ಒಂದೇ ಹೊತ್ತಿನಲ್ಲಿ ಮೈಮೇಲೆ ಬೀಳುವುದಿಲ್ಲ. ಹತ್ತು ಗಂಟೆ ಮೇಲೆ ಜಯನಗರದಲ್ಲಿ ಹತ್ತಿದರೆ ನನಗೆ ಸೀಟೂ ಸಿಕ್ಕಿದೆ.

ಹಳದಿಯ ಕಥೆಯೇ ಬೇರೆ. ನನ್ನ ಬಾಮೈದ ಇರುವುದು ಬೊಮ್ಮಸಂದ್ರದಲ್ಲಿ. "ಭಾವ, ಇನ್ನು ಸಿಲ್ಕ್ ಬೋರ್ಡ್ ಸಿಗ್ನಲ್‌ಗೆ ಟಾಟಾ" ಅಂತ ಫೋನ್ ಮಾಡಿದ. ಮೊದಲ ವಾರವೇ ನೋಡಿಕೊಂಡು ಬರೋಣ ಅಂತ ಹೋದೆ. ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರ 19 ಕಿ.ಮೀ., 16 ಸ್ಟೇಷನ್. ಆಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನನ್ನ ಅದೃಷ್ಟಕ್ಕೆ ಆಗ ತಾನೇ ಒಂದು ಹೊರಟಿತ್ತು. ಕಾದು ಹತ್ತಿದಾಗ ಗೊತ್ತಾಯಿತು, ಇಲ್ಲೂ ಮೆಜೆಸ್ಟಿಕ್‌ನಷ್ಟೇ ರಶ್! ನೇರಳೆಯಲ್ಲಿ ನಾಲ್ಕೂವರೆ ಲಕ್ಷ, ಹಳದಿಯಲ್ಲಿ ಅದರ ಎಂಟನೇ ಒಂದು ಪಾಲೂ ಇಲ್ಲ. ಆದರೂ ನನ್ನ ಭುಜಕ್ಕೆ ತಾಗಿದ ಭುಜಗಳು ಅಷ್ಟೇ. ಯಾಕೆ ಅಂದರೆ 25 ನಿಮಿಷದಲ್ಲಿ ಸೇರಿದವರೆಲ್ಲ ಒಂದೇ ರೈಲಿಗೆ ಹತ್ತಬೇಕು. ಎರಡೂ ಕಡೆ ಆರೇ ಬೋಗಿ. ನಂತರ ಹೊಸ ರೈಲು ಬಂದ ಹಾಗೆ ಕಾಯುವುದು 19 ನಿಮಿಷಕ್ಕೆ, 15ಕ್ಕೆ ಇಳಿಯಿತು, ಜನರೂ ಜಾಸ್ತಿಯಾದರು. ಜನ ಜಾಸ್ತಿಯಾದ ಮೇಲೆ ಹೋದಾಗಲೇ ನನಗೆ ಆರಾಮಾಗಿ ನಿಲ್ಲಲು ಆಯಿತು. ಪಕ್ಕದ ಸೀಟಿನವನಿಗೆ ಇದನ್ನು ಹೇಳಿದರೆ ಅವನು ನಂಬಲಿಲ್ಲ.

ಹೊರಗಿನ ಊರುಗಳಲ್ಲೂ ನನಗೆ ಇದೇ ಅನುಭವ. 2025ರ ಜುಲೈನಲ್ಲಿ ಚೆನ್ನೈಗೆ ಹೋಗಿದ್ದೆ. ಏರ್‌ಪೋರ್ಟ್ ಒಳಗಿಂದಲೇ ಮೆಟ್ರೋ. ಆಲಂದೂರಿನಲ್ಲಿ ಬದಲಾಯಿಸಿ ಅಶೋಕ್ ನಗರದಲ್ಲಿ ಇಳಿದೆ, ಎರಡರಲ್ಲೂ ಕೂತುಕೊಂಡೇ ಹೋದೆ. ನಮ್ಮ ಏರ್‌ಪೋರ್ಟ್ ಲೈನ್ ಇನ್ನೂ ಕಂಬದ ಮಟ್ಟದಲ್ಲಿದ್ದ ಕಾಲ, ಹೊಟ್ಟೆ ಉರಿಯಿತು. ಅದೇ ತಿಂಗಳು ಚೆನ್ನೈ ಮೆಟ್ರೋ ಮೊದಲ ಸಲ ತಿಂಗಳಿಗೆ ಒಂದು ಕೋಟಿ ದಾಟಿತು. ದಿನಕ್ಕೆ ಹಂಚಿದರೆ ಸುಮಾರು ಮೂರು ಲಕ್ಷದ ಮೂವತ್ತು ಸಾವಿರ. ಲೈನಿನ ಉದ್ದ 54 ಕಿ.ಮೀ. ಅಂದರೆ ಒಂದು ಕಿ.ಮೀ.ಗೆ ಆರು ಸಾವಿರ ಚಿಲ್ಲರೆ. ನಮ್ಮದು 96 ಕಿ.ಮೀ.ಗೆ 10.48 ಲಕ್ಷ, ಅಂದರೆ ಹತ್ತಿರ ಹತ್ತಿರ 11 ಸಾವಿರ. ನಮ್ಮದು ದಾಖಲೆ ದಿನದ್ದು, ಅವರದು ತಿಂಗಳ ಸರಾಸರಿ, ಹಾಗಾಗಿ ಒಂದಷ್ಟು ಕಳೆದುಕೊಂಡೇ ನೋಡಬೇಕು. ಕಳೆದರೂ ವ್ಯತ್ಯಾಸ ಉಳಿಯುತ್ತದೆ.

ಚೆನ್ನೈನವರಿಗೆ ಮೆಟ್ರೋ ಮೇಲೆ ಪ್ರೀತಿ ಇಲ್ಲ ಅಂತ ಇದರ ಅರ್ಥ ಮಾಡಬೇಡಿ. ಅವರಿಗೆ ಐದು ಹತ್ತು ರೂಪಾಯಿಗೆ ತಾಂಬರಂ ಕಡೆಯಿಂದ ಬೀಚ್‌ವರೆಗೆ ಓಡುವ ಲೋಕಲ್ ರೈಲು ಇದೆ. ಐಟಿ ಕಂಪನಿಗಳೆಲ್ಲ ಇರುವ ಓಎಂಆರ್, ಅಂದರೆ ಹಳೇ ಮಹಾಬಲಿಪುರಂ ರಸ್ತೆ ಕಡೆಗೆ ಆಗಿನ್ನೂ ಮೆಟ್ರೋ ಇರಲಿಲ್ಲ, ಕೆಲಸ ನಡೆಯುತ್ತಿತ್ತು. ನಮಗೆ ಸಬರ್ಬನ್ ರೈಲು ಇನ್ನೂ ಕಟ್ಟುತ್ತಲೇ ಇದ್ದಾರೆ. ಹಾಗಾಗಿ ಟ್ರಾಫಿಕ್ ಬೇಡ ಅನ್ನುವವನಿಗೆ ಇಲ್ಲಿ ಇರುವುದು ಮೆಟ್ರೋ ಒಂದೇ. ನಮ್ಮ ಲಕ್ಷಗಳಲ್ಲಿ ಅರ್ಧ ಪುಣ್ಯ ಔಟರ್ ರಿಂಗ್ ರೋಡಿನ ಜಾಮ್‌ಗೆ ಸೇರಬೇಕು.

ಹೈದರಾಬಾದ್‌ಗೆ ಹೋದದ್ದು ಒಂದು ಮದುವೆಗೆ. ರೇಷ್ಮೆ ಶರ್ಟ್ ಹಾಕಿಕೊಂಡು ಸಂಜೆ ಆರಕ್ಕೆ ಹೈಟೆಕ್ ಸಿಟಿಯಲ್ಲಿ ಹತ್ತಿದೆ. ದೊಡ್ಡ ತಪ್ಪು. ಅಲ್ಲಿ 69 ಕಿ.ಮೀ., ಮೂರು ಲೈನ್, ದಿನಕ್ಕೆ ನಮ್ಮ ಅರ್ಧದಷ್ಟು ಪ್ರಯಾಣ. ಆದರೆ ರೈಲಿಗೆ ಮೂರೇ ಬೋಗಿ. ಅಮೀರ್‌ಪೇಟ್‌ನಲ್ಲಿ ಇಳಿದಾಗ ಶರ್ಟ್ ನೋಡಿ ನನ್ನ ಹೆಂಡತಿ ಏನೂ ಮಾತಾಡಲಿಲ್ಲ, ಸುಮ್ನೆ ನಕ್ಕಳು. ನಮಗೂ ಇದು ಹೊಸದಲ್ಲ. 2018ರ ಜೂನ್‌ವರೆಗೆ ನೇರಳೆಯಲ್ಲೂ ಮೂರೇ ಬೋಗಿ ಇದ್ದವು. ಆಗ ಓಡಾಡಿದವರಿಗೆ ಅಮೀರ್‌ಪೇಟ್ ನೋಡಿದರೆ ಹಳೆಯ ದಿನ ನೆನಪಾಗುತ್ತದೆ.

ದೆಹಲಿಯ ಮುಂದೆ ಮಾತ್ರ ಕೈಮುಗಿಯಬೇಕು. 2025ರ ಆಗಸ್ಟ್ 8ರಂದು, ರಕ್ಷಾಬಂಧನದ ಹಿಂದಿನ ದಿನ, 81.87 ಲಕ್ಷ ಪ್ರಯಾಣ. ಜಾಲ 390 ಕಿ.ಮೀ.ಗೂ ಉದ್ದ. ಕಿ.ಮೀ.ಗೆ 20 ಸಾವಿರ ದಾಟುತ್ತದೆ, ನಮ್ಮ ಹತ್ತಿರ ಹತ್ತಿರ ಎರಡರಷ್ಟು. ರಾಜೀವ್ ಚೌಕ್‌ನಲ್ಲಿ ಸಂಜೆ ನಿಂತಾಗ ಹೆದರಿಕೆಯೇ ಆಯಿತು. ಆದರೆ ರೈಲಿನ ಮೇಲೆ ರೈಲು ಬರುತ್ತದೆ, ಎಂಟೆಂಟು ಬೋಗಿ. ಮೂರನೇ ರೈಲಿಗೆ ಹತ್ತಿದೆ, ನಿಂತುಕೊಂಡೇ ಫೋನ್ ನೋಡುವಷ್ಟು ಜಾಗ ಇತ್ತು. ನಮ್ಮ ನೇರಳೆಯಲ್ಲಿ ಜೇಬಿನಿಂದ ಫೋನ್ ತೆಗೆಯುವುದೇ ಸಾಹಸ.

ದರದ ವಿಷಯದಲ್ಲಿ ನಾವೇ ಮುಂದೆ. 2025ರ ಫೆಬ್ರುವರಿ 9ರಿಂದ ನಮ್ಮಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ದೆಹಲಿಯಲ್ಲಿ ಆಗಸ್ಟ್‌ನಲ್ಲಿ ಏರಿಸಿದ ಮೇಲೂ ಗರಿಷ್ಠ 64. ಚೆನ್ನೈನಲ್ಲಿ 50. ನಮ್ಮಲ್ಲಿ ದರ ಏರಿದಾಗ ಜನ ಕಮ್ಮಿಯಾದರು. ಆದರೆ ಜೂನ್ ಹೊತ್ತಿಗೆ ಹಳೆಯ ದಾಖಲೆ, ಅಂದರೆ 2024ರ ಡಿಸೆಂಬರ್‌ನ 9.20 ಲಕ್ಷವನ್ನೂ ದಾಟಿಬಿಟ್ಟರು. ನಮ್ಮ ಸ್ನೇಹಿತ ಇದನ್ನು ಜನ ಒಪ್ಪಿಕೊಂಡರು ಅನ್ನುತ್ತಾನೆ. ಬೇರೆ ದಾರಿ ಇಲ್ಲ ಅಂತ ನಾನು ಹೇಳುತ್ತೇನೆ. ನನ್ನ ಬೀದಿಯ ಹೂವಿನ ಅಜ್ಜಿ ಮತ್ತೆ ಮಾರ್ಕೆಟ್ ಬಸ್ ಹತ್ತುತ್ತಿದ್ದಾರೆ. ಆಧಾರ್ ತೋರಿಸಿದರೆ ಅಲ್ಲಿ ಹೆಂಗಸರ ಟಿಕೆಟ್ಟಿಗೆ ದುಡ್ಡೇ ಇಲ್ಲವಲ್ಲ.

ಹಾಗಾದರೆ ಯಾವುದು ವಾಸಿ? ಕೂತು ಹೋಗಬೇಕು ಅಂದರೆ ಚೆನ್ನೈ. ಕಾಯಬಾರದು ಅಂದರೆ ದೆಹಲಿ. ರೇಷ್ಮೆ ಶರ್ಟ್ ಇದ್ದರೆ ಹೈದರಾಬಾದ್‌ನಲ್ಲಿ ಸಂಜೆ ಬೇಡ. ನಮ್ಮೂರಿನಲ್ಲಿ ಹಸಿರಿಗೆ ನನ್ನ ಓಟು, ಅದರಲ್ಲೂ ಹತ್ತು ಗಂಟೆ ಆದ ಮೇಲೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಹತ್ತುವವರು ಎಸ್ಕಲೇಟರ್ ಎದುರಿಗೇ ನಿಲ್ಲಬೇಡಿ, ತುದಿಯವರೆಗೆ ನಡೆಯಿರಿ. ಕೊನೆಯ ಬೋಗಿಯಲ್ಲಿ ಒಂದು ಕಾಲಿಡಲು ಜಾಗ ಸಿಗುತ್ತದೆ.

ಮೊನ್ನೆ ಬಾಮೈದ ಊಟಕ್ಕೆ ಬಂದಿದ್ದ. ಅವನಿಗೆ ಈಗ ಕೆಲಸ ಹೂಡಿ ಹತ್ತಿರ. ಬೊಮ್ಮಸಂದ್ರದಿಂದ ಹಳದಿ, ಆರ್.ವಿ. ರೋಡ್‌ನಲ್ಲಿ ಹಸಿರು, ಮೆಜೆಸ್ಟಿಕ್‌ನಲ್ಲಿ ನೇರಳೆ. ಮೂರು ಲೈನ್, ಹೋಗಿ ಬರಲು ಆರು. "ನಾನು ಬರೀ ನಾಲ್ಕು ಜನ ಕಣೋ, ನೀನು ಆರು" ಅಂದೆ. ಅವನು ಸಾರಿಗೆ ತುಪ್ಪ ಹಾಕಿಕೊಳ್ಳುತ್ತಾ, "ಹಾಗಾದ್ರೆ ಭಾವ, ಶುಕ್ರವಾರ ನಾನು ವರ್ಕ್ ಫ್ರಮ್ ಹೋಮ್. ಅವತ್ತು ನಿಮ್ಮ ಸ್ನೇಹಿತರ ಲೆಕ್ಕದಲ್ಲಿ ಆರು ಕಮ್ಮಿ ಮಾಡಿಕೊಳ್ಳೋಕೆ ಹೇಳಿ" ಅಂದ.