ಲಂಡನ್ ಬ್ಯಾಂಕರ್ ಬರೆದ ಇರುವೆ-ಜೇನಿನ ಪುಸ್ತಕ: ಕೊಡಗಿನ ತೋಟಕ್ಕೆ ಎಷ್ಟು ಉಪಯೋಗ?

ಜಾನ್ ಲಬ್ಬಕ್ ಬರೆದ ‘ಆಂಟ್ಸ್, ಬೀಸ್ ಆಂಡ್ ವಾಸ್ಪ್ಸ್’ ಅಚ್ಚಾದದ್ದು 1882ರಲ್ಲಿ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಜೇನು ಸಾಕುವುದನ್ನು ಕಲಿಸುವ ಪುಸ್ತಕ ಇದಲ್ಲ. ಜೇನು ಕುಟುಂಬ ಪಾಲು ಮಾಡುವುದು, ಎರಿ (ಗೂಡಿನೊಳಗಿನ ಮೇಣದ ಹಲಗೆ) ಕಟ್ಟಿಸುವುದು, ತುಪ್ಪ ತೆಗೆಯುವುದು ಇದರಲ್ಲಿ ಸಿಗುವುದಿಲ್ಲ. ಜೇನುನೊಣವನ್ನು ನೋಡುವುದು ಹೇಗೆ, ನೋಡಿದ್ದನ್ನು ಬರೆದಿಡುವುದು ಹೇಗೆ ಎಂಬುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಆ ಶಿಸ್ತು ಎಲ್ಲಿಂದ ಬಂತೆಂದು ತಿಳಿಯಲು ಲಬ್ಬಕ್‌ನ ಬದುಕನ್ನು ನೋಡಬೇಕು. ಹುಟ್ಟಿದ್ದು 1834ರಲ್ಲಿ, ಲಂಡನ್ನಿನ ಬ್ಯಾಂಕರ್ ಮನೆತನದಲ್ಲಿ. ಶಾಲೆಯನ್ನು ಬೇಗನೆ ಬಿಡಿಸಿ ಅಪ್ಪನ ಬ್ಯಾಂಕಿನಲ್ಲಿ ಕೂರಿಸಿದರು. 22ನೇ ವಯಸ್ಸಿಗೆ ಪಾಲುದಾರ. 1842ರಲ್ಲಿ ಚಾರ್ಲ್ಸ್ ಡಾರ್ವಿನ್ ನೆರೆಯ ಡೌನ್ ಹಳ್ಳಿಗೆ ಬಂದು ನೆಲೆಸಿದ್ದರಿಂದ ವಿಜ್ಞಾನದ ಪಾಠ ಅಲ್ಲಿಯೇ ಆಯಿತು. 1870ರಲ್ಲಿ ಮೇಡ್‌ಸ್ಟನ್‌ನಿಂದ ಲಿಬರಲ್ ಸಂಸದನಾದ ಮರುವರ್ಷವೇ ಬ್ಯಾಂಕ್ ರಜೆಗಳ ಕಾಯ್ದೆ ತಂದು ದುಡಿಯುವ ಜನಕ್ಕೆ ರಜಾದಿನ ಕೊಡಿಸಿದ. ಪುಸ್ತಕ ಹೊರಬಂದ 1882ರಲ್ಲೇ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯ್ದೆಯೂ ಬಂತು. 1900ರಲ್ಲಿ ಲಾರ್ಡ್ ಏವ್‌ಬರಿ ಎಂಬ ಪದವಿ, 1913ರಲ್ಲಿ ಮರಣ. ಈ ಎಲ್ಲದರ ನಡುವೆ ಮನೆಯಲ್ಲಿ ಗಾಜಿನ ಹಲಗೆಗಳ ನಡುವೆ ಇರುವೆ ಗೂಡು ಸಾಕಿ, ಒಂದೊಂದು ಇರುವೆಯ ಓಡಾಟವನ್ನೂ ಗಂಟೆ-ನಿಮಿಷದ ಸಮೇತ ಬ್ಯಾಂಕಿನ ಲೆಡ್ಜರಿನಂತೆ ದಾಖಲಿಸಿದ.

ಪುಸ್ತಕದ ಬಹುಭಾಗ ಇರುವೆಗಳದ್ದೇ. ಕಾಫಿ ಬೆಳೆಗಾರರು ಈ ಭಾಗವನ್ನು ಬಿಡಬಾರದು. ಚಳಿಗಾಲದಲ್ಲಿ ಇರುವೆಗಳು ಸಸ್ಯಹೇನಿನ ಮೊಟ್ಟೆಗಳನ್ನು ಗೂಡಿನೊಳಗೆ ಕಾಪಾಡಿ, ವಸಂತದಲ್ಲಿ ಮರಿಗಳನ್ನು ಗಿಡಕ್ಕೆ ತಂದು ಬಿಡುವುದನ್ನು ಲಬ್ಬಕ್ ವಿವರವಾಗಿ ಬರೆದಿದ್ದಾನೆ. ನಮ್ಮ ರೋಬಸ್ಟಾ ಗಿಡದಲ್ಲಿ ಹಿಟ್ಟು ತಿಗಣೆ, ಹಸಿರು ಶಲ್ಕ ಕೀಟ ಇರುವ ಕಡೆ ಇರುವೆ ಸಾಲು ಕಾಣುವುದಕ್ಕೂ ಇಂಥದೇ ನಂಟು ಕಾರಣ: ಕೀಟ ಸಿಹಿದ್ರವ ಕೊಡುತ್ತದೆ, ಇರುವೆ ಅದರ ಶತ್ರುಗಳನ್ನು ಓಡಿಸುತ್ತದೆ. ಇರುವೆಯನ್ನು ಹಾಗೆಯೇ ಬಿಟ್ಟು ತಿಗಣೆಗೆ ಮಾತ್ರ ಔಷಧಿ ಹೊಡೆದರೆ ಅದು ಮತ್ತೆ ಏರುವುದು ಇದರಿಂದಲೇ.

ಜೇನಿಗೆ ಸಿಕ್ಕಿರುವುದು ಕೊನೆಯ ಹತ್ತಿರ ಒಂದೇ ಅಧ್ಯಾಯ. ಆದರೆ ಅಲ್ಲಿರುವ ಬಣ್ಣದ ಪ್ರಯೋಗ ಇಡೀ ಪುಸ್ತಕದ ಬೆಲೆ ತೀರಿಸುತ್ತದೆ. ಬಣ್ಣದ ಕಾಗದಗಳ ಮೇಲೆ ಗಾಜಿನ ತುಂಡು, ಅದರ ಮೇಲೆ ಜೇನು ಹನಿ. ಗುರುತು ಹಾಕಿದ ನೊಣ ಬಂದು ಹೋದಂತೆ ಕಾಗದಗಳ ಜಾಗ ಬದಲಿಸುವುದು. ಜಾಗ ಬದಲಿಸದಿದ್ದರೆ ನೊಣ ಬಣ್ಣವನ್ನಲ್ಲ, ಸ್ಥಳವನ್ನು ನೆನಪಿಟ್ಟುಕೊಂಡಿರುತ್ತದೆ, ಫಲಿತಾಂಶ ಕೆಡುತ್ತದೆ. ನೊಣಗಳು ಬಣ್ಣ ಗುರುತಿಸುತ್ತವೆ, ನೀಲಿಯತ್ತ ಒಲವು ಹೆಚ್ಚು ಎಂದು ಲಬ್ಬಕ್ ಕಂಡುಕೊಂಡ.

ಇದನ್ನು ಇಲ್ಲಿ ಮಾಡುವವರು ಹೂಮಳೆಯ ನಂತರ ಕಾಫಿ ಹೂ ಬಿಟ್ಟಿರುವಾಗ ಪ್ರಯತ್ನಿಸಬಾರದು. ತೋಟವೆಲ್ಲ ಮಕರಂದ ಇರುವಾಗ ನಾವಿಟ್ಟ ಸಿಹಿಯತ್ತ ಯಾವ ನೊಣವೂ ಬರುವುದಿಲ್ಲ. ಮಳೆ ಬಿಡುವು ಕೊಟ್ಟು, ಹೂ ಕಡಿಮೆ ಇರುವ ದಿನಗಳೇ ಸರಿ. ಲಬ್ಬಕ್‌ನಂತೆ ಜೇನುತುಪ್ಪ ಇಡುವುದು ಮಾತ್ರ ಬೇಡವೇ ಬೇಡ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಕುಟುಂಬಗಳನ್ನು ನೆಲಕಚ್ಚಿಸಿದ ಥಾಯ್ ಸ್ಯಾಕ್‌ಬ್ರೂಡ್‌ನಂಥ, ಮರಿಗಳನ್ನು ಕೊಲ್ಲುವ ವೈರಸ್ ರೋಗ ಬೇರೆ ಪೆಟ್ಟಿಗೆಯ ತುಪ್ಪದಿಂದ ಹರಡಬಹುದು. ಒಂದು ಭಾಗ ಸಕ್ಕರೆ, ಒಂದು ಭಾಗ ನೀರಿನ ಪಾಕ ಸಾಕು. ಅದನ್ನೂ ಪೆಟ್ಟಿಗೆಗಳಿಂದ ದೂರ ಇಟ್ಟು, ಕೆಲಸ ಮುಗಿದ ಕೂಡಲೇ ತೆಗೆಯಬೇಕು; ಇಲ್ಲದಿದ್ದರೆ ಬಲವಾದ ಕುಟುಂಬ ದುರ್ಬಲವಾದುದನ್ನು ಲೂಟಿ ಮಾಡಲು ಶುರು ಮಾಡುತ್ತದೆ. ಗುರುತಿನ ಬಣ್ಣದ ಚುಕ್ಕಿ ಎದೆಯ ಮೇಲ್ಭಾಗದಲ್ಲಿರಲಿ, ರೆಕ್ಕೆಗೆ ತಾಗಬಾರದು. ಸಾಲಾಗಿ ಪೆಟ್ಟಿಗೆ ಇಟ್ಟವರು ಮುಂಭಾಗಕ್ಕೆ ನೀಲಿ, ಹಳದಿ, ಬಿಳಿ ಹೀಗೆ ಬೇರೆ ಬೇರೆ ಬಣ್ಣ ಬಳಿದರೆ ನೊಣಗಳು ದಾರಿ ತಪ್ಪಿ ಪಕ್ಕದ ಪೆಟ್ಟಿಗೆಗೆ ನುಗ್ಗುವುದು ಕಡಿಮೆಯಾಗುತ್ತದೆ. ಕೆಂಪು ಅವುಗಳ ಕಣ್ಣಿಗೆ ಕಾಣದ ಬಣ್ಣ, ಬಳಿದು ಲಾಭವಿಲ್ಲ.

ಕೊರತೆಯೂ ಇದೆ. ಮೇವು ಕಂಡ ನೊಣ ಗೆಳತಿಯರನ್ನು ಅಷ್ಟಾಗಿ ಕರೆತರುವುದಿಲ್ಲ ಎಂಬ ಲಬ್ಬಕ್‌ನ ಅನುಮಾನ ನಿಲ್ಲಲಿಲ್ಲ. ನೊಣಗಳ ಕುಣಿತ ದಿಕ್ಕು-ದೂರ ತಿಳಿಸುತ್ತದೆಂದು 20ನೇ ಶತಮಾನದಲ್ಲಿ ಜೇನು ಸಂಶೋಧಕ ಕಾರ್ಲ್ ಫಾನ್ ಫ್ರಿಷ್ ತೋರಿಸಿದ. ಪಿಟೀಲು ಬಾರಿಸಿದರೂ ನೊಣ ಕದಲಲಿಲ್ಲ ಎಂಬ ಲಬ್ಬಕ್‌ನ ದಾಖಲೆ ನಿಜವೇ, ಆದರೆ ಎರಿಯ ಮೂಲಕ ಬರುವ ಕಂಪನ ಅವುಗಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಪೆಟ್ಟಿಗೆಯನ್ನು ಕುಟ್ಟಿ ತೆರೆಯುವವರು ಇದನ್ನು ನೆನಪಿಡಬೇಕು. ಜೊತೆಗೆ ಅಲ್ಲಿಯ ನೊಣ ಯುರೋಪಿನ ಜಾತಿ. ನಮ್ಮ ತುಡುವೆ ಸ್ವಭಾವದಲ್ಲಿ ಬೇರೆ, ತೊಂದರೆಯಾದರೆ ಗೂಡು ಬಿಟ್ಟು ಹೋಗುವುದು ಹೆಚ್ಚು. ಪ್ರಯೋಗದ ನೆಪದಲ್ಲಿ ಪದೇ ಪದೇ ಮುಚ್ಚಳ ತೆಗೆಯುವುದು ಒಳ್ಳೆಯದಲ್ಲ.

ಇಂಗ್ಲಿಷ್ ಸರಳವಾಗಿಯೇ ಇದೆ. ಡೌನ್‌ಲೋಡ್ ಮಾಡುವಾಗ ಪುಟಗಳ ಚಿತ್ರವಿರುವ ಪಿಡಿಎಫ್ ಆರಿಸಿಕೊಳ್ಳಿ. ಯಂತ್ರ ಓದಿದ ಪಠ್ಯದಲ್ಲಿ ಗಂಟೆ-ನಿಮಿಷದ ಕೋಷ್ಟಕಗಳು ಕಲಸಿಹೋಗುತ್ತವೆ, ಈ ಪುಸ್ತಕದ ಜೀವ ಇರುವುದೇ ಆ ಕೋಷ್ಟಕಗಳಲ್ಲಿ. ಪುಸ್ತಕದ ಕೊನೆಯ ಅನುಬಂಧವನ್ನು ಮೊದಲ ಓದಿಗೆ ಬಿಟ್ಟರೂ ನಷ್ಟವಿಲ್ಲ.