ಸಿಂಗಾಪುರದಲ್ಲಿ ಕಿಟಕಿಯಿಲ್ಲದ ರೂಮು, ಕಿಟಕಿಯಿದ್ದ ಹಾಸ್ಟೆಲ್

ಅಮ್ಮನನ್ನು ಕರೆದುಕೊಂಡು ಸಿಂಗಾಪುರಕ್ಕೆ ಹೋದಾಗ ಎರಡು ಕಡೆ ಉಳಿದೆವು. ಮೊದಲ ಎರಡು ರಾತ್ರಿ ಲಿಟಲ್ ಇಂಡಿಯಾದ ಒಂದು ಅಗ್ಗದ ಹೋಟೆಲ್, ಆಮೇಲೆ ಮೂರು ರಾತ್ರಿ ಲ್ಯಾವೆಂಡರ್ ಕಡೆಯ ಹಾಸ್ಟೆಲ್.

ಹೋಟೆಲಿಗೆ ದಿನಕ್ಕೆ 95 ಸಿಂಗಾಪುರ ಡಾಲರ್. ಅಮ್ಮನಿಗೆ ಬೇರೆ ಬಾತ್‌ರೂಮ್ ಇರಲಿ ಅಂತ ಅದನ್ನೇ ಆರಿಸಿದ್ದೆ. ರೂಮಿನಲ್ಲಿ ಪರದೆಯೇನೋ ಇತ್ತು, ಸರಿಸಿದರೆ ಬರೀ ಗೋಡೆ! ಕೆಳಗೆ ಹೋಗಿ ಕೇಳಿದರೆ, ಬುಕಿಂಗಿನಲ್ಲೇ 'ನೋ ವಿಂಡೋ' ಅಂತ ಇದೆಯಲ್ಲ ಅಂದರು. ಇತ್ತು, ನಿಜ. ಅಲ್ಲಿನ ಅಗ್ಗದ ಹೋಟೆಲುಗಳಲ್ಲಿ ಇದು ಮಾಮೂಲಿ, ಕಿಟಕಿ ಬೇಕೆಂದರೆ ಜಾಸ್ತಿ ದುಡ್ಡು. ಆದರೆ ಫೋಟೋದಲ್ಲಿ ಆ ಪರದೆ ತೋರಿಸಿದ್ದು ಮೋಸ ಅಲ್ವಾ? ಜೊತೆಗೆ ಮುಗ್ಗು ವಾಸನೆ. ಶವರ್ ಬಿಟ್ಟರೆ ನೀರು ಮಂಚದ ಕಾಲಿನವರೆಗೆ ಬರುತ್ತಿತ್ತು.

ಅಮ್ಮ ಊರಲ್ಲಿ ಐದಕ್ಕೇ ಏಳುವವಳು. ಸಿಂಗಾಪುರದ ಗಡಿಯಾರ ಎರಡೂವರೆ ಗಂಟೆ ಮುಂದೆ, ಅಂದರೆ ಅಲ್ಲಿ ಏಳೂವರೆ. ಹೊರಗೆ ಬೆಳಗಾಗಿತ್ತು, ಒಳಗೆ ಗವ್ವೆನ್ನುವ ಕತ್ತಲೆ. ನನ್ನ ನಿದ್ದೆ ಕೆಡುತ್ತದೆಂದು ಲೈಟೂ ಹಾಕದೆ, ನಾನು ಒಂಬತ್ತಕ್ಕೆ ಏಳುವವರೆಗೂ ಸುಮ್ನೆ ಕೂತಿದ್ದಳು. "ಇನ್ನೂ ರಾತ್ರಿ ಅಂದ್ಕೊಂಡೆ ಕಣೇ" ಅಂದಳು. ನನಗೆ ತುಂಬಾ ಸಂಕಟವಾಯಿತು. ಅವತ್ತೇ ಹಾಸ್ಟೆಲ್ ಬುಕ್ ಮಾಡಿದೆ.

ಜಾಗ ಮಾತ್ರ ಹೋಟೆಲಿನದೇ ಚೆನ್ನ. ವೀರಮಾಕಾಳಿಯಮ್ಮನ ದೇವಸ್ಥಾನಕ್ಕೆ ನಡೆದೇ ಹೋಗಬಹುದು, ದೋಸೆಗೆ ಟೆಕ್ಕಾ ಸೆಂಟರ್ ಇದೆ. ಲ್ಯಾವೆಂಡರ್‌ನಿಂದ ಅಷ್ಟು ದೂರ ನಡೆಯುವಾಗ ಅಮ್ಮನಿಗೆ ಸುಸ್ತಾಯಿತು. ಆದರೆ ವಿಮಾನ ನಿಲ್ದಾಣಕ್ಕೆ ಹೋಗಲು ಲ್ಯಾವೆಂಡರ್ ಸುಲಭ: ಎಂಆರ್‌ಟಿ (ಅಲ್ಲಿನ ಮೆಟ್ರೋ ರೈಲು) ಹತ್ತಿ ತನಾಹ್ ಮೇರಾದಲ್ಲಿ ಒಮ್ಮೆ ಬದಲಿಸಿದರೆ ಚಾಂಗಿ.

ಹಾಸ್ಟೆಲಿನಲ್ಲಿ ಒಬ್ಬರಿಗೆ 38 ಡಾಲರ್, ಇಬ್ಬರಿಗೆ 76. ಹೆಂಗಸರ ನಾಲ್ಕು ಹಾಸಿಗೆಯ ರೂಮು. ಅಮ್ಮನಿಗೆ ಮೇಲೆ ಹತ್ತಲು ಆಗುವುದಿಲ್ಲ ಅಂದಿದ್ದಕ್ಕೆ ಕೆಳಗಿನ ಹಾಸಿಗೆಯನ್ನೇ ಕೊಟ್ಟರು. ಬಾತ್‌ರೂಮ್ ಹೊರಗಿದ್ದರೂ ಒಣಗಿರುತ್ತಿತ್ತು. ಬೀದಿ ಕಡೆಗೆ ದೊಡ್ಡ ಕಿಟಕಿ. ಅಮ್ಮ ಎದ್ದವಳೇ ಅಡುಗೆಮನೆಯ ಕೆಟಲ್‌ನಲ್ಲಿ ನೀರು ಕಾಯಿಸಿ, ಮನೆಯಿಂದ ತಂದ ಪುಡಿಯಲ್ಲಿ ಕಾಫಿ ಮಾಡಿಕೊಂಡು ಅಲ್ಲಿ ಕೂರುತ್ತಿದ್ದಳು.

ಸದ್ದು ಇರುತ್ತದೆ, ಅದನ್ನು ಹೇಳಲೇಬೇಕು. ಕೊನೆಯ ರಾತ್ರಿ ನಾಲ್ಕಕ್ಕೆ ಮೇಲಿನ ಹಾಸಿಗೆಯ ಹುಡುಗಿಯ ಅಲಾರಂ ಹೊಡೆಯಿತು. ನಾನು ಗೊಣಗಿಕೊಂಡು ಮಗ್ಗುಲಾದೆ. ಅಮ್ಮ ಎದ್ದು, ಅವಳ ಬ್ಯಾಗು ಎತ್ತಲು ಕೈಜೋಡಿಸಿ, ಮೆಟ್ಟಿಲವರೆಗೂ ಬಿಟ್ಟು ಬಂದಳು.