ಡಿಸಿಇ ಬದಲು ಟ್ರೈಫ್ಲೋರೋಟಾಲ್ವೀನ್: ಬಳಸಿ ನೋಡಿದ ಮೇಲೆ

ನೀರು ಮತ್ತು ಅದರಲ್ಲಿ ಬೆರೆಯದ ದ್ರಾವಕದ ನಡುವಿನ ಗಡಿಯಲ್ಲಿ ಅಯಾನುಗಳು ದಾಟುವುದನ್ನು ಅಳೆಯೋರಿಗೆ 1,2-ಡೈಕ್ಲೋರೋಈಥೇನ್ (ಡಿಸಿಇ) ಅಥವಾ ನೈಟ್ರೋಬೆಂಜೀನ್ ಬಿಟ್ರೆ ಬೇರೆ ದಾರಿ ಇಲ್ಲ ಅನ್ನೋ ನಂಬಿಕೆ ಇನ್ನೂ ಇದೆ. ಎರಡೂ ವಿಷ. ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲೂ ಇವೆ. ಅದಕ್ಕೇ ಟ್ರೈಫ್ಲೋರೋಟಾಲ್ವೀನ್ ಅನ್ನೋ ಫ್ಲೋರಿನ್ ಇರುವ ದ್ರಾವಕ ತರಿಸಿದೆ. ಈಗ ಡಿಸಿಇ ಬಾಟಲಿ ಮುಟ್ಟುವ ಮನಸ್ಸೇ ಇಲ್ಲ.

ಮೊದಲು ಇಷ್ಟವಾಗಿದ್ದು ಗಡಿ ನಿಲ್ಲುವ ರೀತಿ. ಇದರ ಸಾಂದ್ರತೆ ಸುಮಾರು 1.19, ಹಾಗಾಗಿ ಡಿಸಿಇ ತರಾನೇ ನೀರಿನ ಕೆಳಗೆ ಕೂರುತ್ತೆ, ಹಳೇ ಸೆಲ್ (ಅಳತೆ ಮಾಡುವ ಪಾತ್ರೆ) ಹಾಗೇ ನಡೆಯುತ್ತೆ. ಡಿಸಿಇ ಒಂದು ಲೀಟರ್ ನೀರಿನಲ್ಲಿ ಸುಮಾರು 8 ಗ್ರಾಂ ಕರಗುತ್ತೆ, ಇದು 1 ಗ್ರಾಂ ಕೂಡ ಕರಗಲ್ಲ. ಕುದಿಯುವುದು 102 ಡಿಗ್ರಿಯಲ್ಲಿ, ಡಿಸಿಇ 83ರಲ್ಲೇ. ಉಪ್ಪು ಕರಗಿಸಿಟ್ಟ ದ್ರಾವಣ ಬೇಗ ಆರಿ ಗಟ್ಟಿಯಾಗಲ್ಲ, ಇದು ನಿಜಕ್ಕೂ ದೊಡ್ಡ ನೆಮ್ಮದಿ.

ಅಳತೆಗೆ ಬಂದರೆ, ನಾಲ್ಕು ಎಲೆಕ್ಟ್ರೋಡ್ ಸೆಲ್, ನೀರಿನ ಕಡೆ ಲಿಥಿಯಂ ಕ್ಲೋರೈಡ್, ಕೆಳಗೆ ಬಿಎಟಿಬಿ ಅನ್ನೋ ದೊಡ್ಡ ಅಯಾನುಗಳ ಉಪ್ಪು. ಟೆಟ್ರಾಈಥೈಲ್‌ಅಮೋನಿಯಂ ಅಯಾನು ಹಾಕಿ ಸ್ಕ್ಯಾನ್ ಮಾಡಿ, ಅಂದರೆ ವೋಲ್ಟೇಜನ್ನು ಒಂದೇ ವೇಗದಲ್ಲಿ ಏರಿಸಿ ಇಳಿಸಿ ಕರೆಂಟ್ ನೋಡಿ. 25 ಡಿಗ್ರಿಯಲ್ಲಿ ಅಯಾನು ಹೋಗುವ ಮತ್ತು ಬರುವ ಕರೆಂಟಿನ ಪೀಕ್‌ಗಳ ನಡುವೆ 59 ಮಿಲಿವೋಲ್ಟ್ ಆಸುಪಾಸು ಅಂತರ ಇರಬೇಕು, ಸ್ಕ್ಯಾನ್ ವೇಗ ಹೆಚ್ಚಿಸಿದರೂ ಅದು ಬದಲಾಗಬಾರದು. ವೇಗದ ಜೊತೆ ಅಂತರ ಅಗಲವಾಗ್ತಾ ಹೋದರೆ ದ್ರಾವಕವನ್ನು ಬೈಯುವ ಮುಂಚೆ ದ್ರಾವಣದ ರೆಸಿಸ್ಟೆನ್ಸನ್ನು ಉಪಕರಣ ಸರಿದೂಗಿಸ್ತಿದೆಯಾ ನೋಡಿ, ಲಗ್ಗಿನ್ ತುದಿ (ವೋಲ್ಟೇಜ್ ಅಳೆಯುವ ಎಲೆಕ್ಟ್ರೋಡಿನ ಸಣ್ಣ ನಳಿಕೆಯ ಬಾಯಿ) ಗಡಿಗೆ ಎಷ್ಟು ಹತ್ತಿರ ಇದೆ ನೋಡಿ. ಟ್ರೈಫ್ಲೋರೋಟಾಲ್ವೀನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿರುದ್ಧ ಅಯಾನುಗಳ ಸೆಳೆತವನ್ನು ದ್ರಾವಕ ಎಷ್ಟು ತಗ್ಗಿಸುತ್ತೆ ಅನ್ನೋ ಅಳತೆ) ಸುಮಾರು 9, ಡಿಸಿಇಯದು 10ರ ಮೇಲೆ, ನೈಟ್ರೋಬೆಂಜೀನಿನದು 35ರ ಹತ್ತಿರ. ಅಯಾನುಗಳು ಜೋಡಿಯಾಗಿ ಅಂಟಿಕೊಳ್ಳೋದು ಸಹಜ, ಹಾಗಾಗಿ ಅಗ್ಗದ ಉಪ್ಪು ಹಾಕಿ ಉಳಿಸೋಕೆ ಹೋಗಬೇಡಿ. ಬಳಸುವ ಮುಂಚೆ ನೀರಿನ ಜೊತೆ ಚೆನ್ನಾಗಿ ಕುಲುಕಿ, ಎರಡೂ ಪದರ ಒಂದಕ್ಕೊಂದು ಸಂತೃಪ್ತವಾಗಲಿ.

ಫ್ಲೋರಿನ್ ಇದ್ದರೆ ಸಾಕು ಅಂತ ಪರ್ಫ್ಲೋರೋಹೆಕ್ಸೇನ್ ಮಾತ್ರ ಕೊಳ್ಳಬೇಡಿ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ 2ಕ್ಕಿಂತ ಕಡಿಮೆ, ಸಾಮಾನ್ಯ ಉಪ್ಪು ಕರಗೋದೇ ಇಲ್ಲ. ಕರಗಬೇಕಾದರೆ ಉಪ್ಪಿಗೂ ಉದ್ದದ ಫ್ಲೋರಿನ್ ಬಾಲ ಇರಬೇಕು, ಅದು ಬೇರೆಯದೇ ಸಾಹಸ.

ಇನ್ನು ಬೇಜಾರಿನ ವಿಷಯ. ಟ್ರೈಫ್ಲೋರೋಟಾಲ್ವೀನಿಗೆ ಬೇಗ ಬೆಂಕಿ ಹತ್ತುತ್ತೆ, ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಆವಿಗೆ ಬೆಂಕಿ ಹತ್ತುವ ಕನಿಷ್ಠ ಉಷ್ಣತೆ) 12 ಡಿಗ್ರಿ, ಫ್ಯೂಮ್ ಹುಡ್ ಕಡ್ಡಾಯ. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಇರುವ ದೇಶಗಳ ಒಕ್ಕೂಟ) ಕೊಟ್ಟ 2021ರ ವ್ಯಾಖ್ಯೆಯಲ್ಲಿ ಪೂರ್ತಿ ಫ್ಲೋರಿನ್ ತುಂಬಿದ ಮೀಥೈಲ್ ಗುಂಪು ಒಂದಿದ್ದರೂ ಆ ವಸ್ತು ಪಿಎಫ್‌ಎಎಸ್ (ಪರಿಸರದಲ್ಲಿ ಸುಲಭವಾಗಿ ಒಡೆಯದ ಫ್ಲೋರಿನ್ ವಸ್ತುಗಳ ಗುಂಪು) ಲೆಕ್ಕಕ್ಕೆ ಬರುತ್ತೆ, ಇದೂ ಬರುತ್ತೆ. 'ಹಸಿರು ದ್ರಾವಕ' ಅಂತ ಕೆಲವರು ಹೊಗಳೋದನ್ನು ನಾನು ಒಪ್ಪಲ್ಲ. ಡಿಸಿಇಗಿಂತ ಕೈಗೆ, ಶ್ವಾಸಕ್ಕೆ ವಾಸಿ, ಅಷ್ಟೇ. ಒಂದು ಹನಿಯೂ ಸಿಂಕಿಗೆ ಹೋಗಬಾರದು, ತ್ಯಾಜ್ಯ ಬೇರೆ ಬಾಟಲಿಯಲ್ಲಿ ಹಿಡಿದಿಡಿ.

ತರಿಸುವುದಾದರೆ ಚಿಕ್ಕ ಬಾಟಲಿಯೇ ಸಾಕು, ಒಂದು ಸೆಲ್ ತುಂಬೋಕೆ ಕೆಲವೇ ಮಿಲಿಲೀಟರ್ ಬೇಕಾಗುತ್ತೆ.